ತಾಗುವಲ್ಲಿ ನೋಡು

ಮಂಗಳೂರಿನಲ್ಲಿ ನಾನು ಟೇಬಲ್ ಟೆನಿಸ್ ಆಡಲು ಶುರು ಮಾಡಿ 35 ವರ್ಷಗಳಾದವು. ಕಳೆದ 15 ವರ್ಷಗಳಿಂದ ಸಂಜೆ ಹೊತ್ತು ಮಕ್ಕಳಿಗೆ ಕಲಿಸುತ್ತಿದ್ದೇನೆ. ಹೊಸದಾಗಿ ಸೇರಿದ ಮಗು ಮೊದಲು ಕೇಳುವುದು ಸ್ಮ್ಯಾಶ್ ಹೊಡೆಯುವುದು ಹೇಗೆ ಎಂದು. ಮೊದಲ ಟೂರ್ನಮೆಂಟ್ ಆಡಿ ಸೋತು ಬಂದ ಮಗು ಹೇಳುವ ಮಾತೇ ಬೇರೆ: "ಸರ್, ಅವನ ಸರ್ವೇ ಸಿಗ್ಲಿಲ್ಲ."

ಈ ಆಟದ ಹೆಚ್ಚುಕಡಿಮೆ ಅರ್ಧದಷ್ಟು ಪಾಯಿಂಟುಗಳು ನಮ್ಮ ರಿಟರ್ನಿನಿಂದ ಶುರುವಾಗುತ್ತವೆ. 2001ರವರೆಗೆ ಗೇಮ್ 21 ಪಾಯಿಂಟಿನದಾಗಿತ್ತು, ಒಬ್ಬರು ಸಾಲಾಗಿ 5 ಸರ್ವ್ ಹಾಕುತ್ತಿದ್ದರು. ಮೊದಲ ಎರಡು ಕೈತಪ್ಪಿದರೂ ಮೂರನೆಯದಕ್ಕೆ ಕೈ ಹೊಂದಿಕೊಳ್ಳುತ್ತಿತ್ತು. ಈಗ 11 ಪಾಯಿಂಟು, ಎರಡೆರಡೇ ಸರ್ವ್. ಅರ್ಥವಾಗುವ ಹೊತ್ತಿಗೆ ಸರದಿ ಮುಗಿದಿರುತ್ತದೆ. ಸರ್ವಿನ ಸ್ಪಿನ್, ಅಂದರೆ ಚೆಂಡಿನ ತಿರುಗುವಿಕೆಯನ್ನು, ಓದುವ ಬಗ್ಗೆ ಬೇಕಾದಷ್ಟು ಸೋತ ಮೇಲೆ ನನಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

1. ಕೈ ನೋಡಬೇಡಿ, ತಾಗುವಲ್ಲಿ ನೋಡಿ

ನಾನು ಕಾಲೇಜಿನಲ್ಲಿದ್ದಾಗ ನಮ್ಮ ಹಾಲಿಗೆ ಐವತ್ತು ದಾಟಿದ ಒಬ್ಬ ಬ್ಯಾಂಕ್ ಕ್ಯಾಷಿಯರ್ ಬರುತ್ತಿದ್ದರು. ಓಡುತ್ತಿರಲಿಲ್ಲ, ಜೋರಾಗಿ ಹೊಡೆಯುತ್ತಲೂ ಇರಲಿಲ್ಲ. ಆದರೂ ಎರಡು ವರ್ಷ ನನಗೆ ಅವರ ಎದುರು ಒಂದು ಗೇಮ್ ಗೆಲ್ಲಲಾಗಲಿಲ್ಲ. ಅವರದು ಎರಡು ಸರ್ವ್. ಒಂದನ್ನು ಪುಶ್ ಮಾಡಿದರೆ, ಅಂದರೆ ಬ್ಯಾಟು ತೆರೆದು ಮೆಲ್ಲಗೆ ತಳ್ಳಿದರೆ, ನೆಟ್ಟಿಗೆ ಹೋಗುತ್ತಿತ್ತು, ಇನ್ನೊಂದನ್ನು ಪುಶ್ ಮಾಡಿದರೆ ಚೆಂಡು ಎತ್ತರಕ್ಕೆ ಎದ್ದು ಅವರ ಬ್ಯಾಟಿನ ಎದುರಿಗೇ ನಿಲ್ಲುತ್ತಿತ್ತು. ನನ್ನ ಕಣ್ಣಿಗೆ ಎರಡೂ ಒಂದೇ. ಒಂದು ದಿನ ಆಟ ಮುಗಿದ ಮೇಲೆ ಕೇಳಿಯೇ ಬಿಟ್ಟೆ.

"ನೀನು ನನ್ನ ಕೈ ನೋಡ್ತಾ ಇದ್ದಿ ಮಾರಾಯ," ಎಂದರು. "ಕೈ ನೋಡಿ ಎಂತ ಸಿಗ್ತದೆ? ಚೆಂಡಿಗೆ ಬ್ಯಾಟು ತಾಗುವಲ್ಲಿ ನೋಡು."

ಮತ್ತೆ ಮೇಜಿನ ಹತ್ತಿರ ಕರೆದುಕೊಂಡು ಹೋಗಿ ನಿಧಾನವಾಗಿ ತೋರಿಸಿದರು. ಮೊದಲನೆಯ ಸರ್ವಿನಲ್ಲಿ ಚೆಂಡು ಬ್ಯಾಟಿನ ತುದಿಯ ಹತ್ತಿರ ತಾಗುತ್ತಿತ್ತು. ರಬ್ಬರು ಚೆಂಡಿನ ಅಡಿಯನ್ನು ತೆಳ್ಳಗೆ ಸವರಿಕೊಂಡು ಹೋಗುತ್ತಿತ್ತು. ಅದು ಗಟ್ಟಿ ಚಾಪ್, ಅಂದರೆ ಬ್ಯಾಕ್‌ಸ್ಪಿನ್. ಎರಡನೆಯದರಲ್ಲಿ ಬೀಸು ಅದೇ, ವೇಗವೂ ಅದೇ, ಆದರೆ ಚೆಂಡು ಹಿಡಿಕೆಯ ಹತ್ತಿರ ತಾಗುತ್ತಿತ್ತು. ಸವರುವ ಬದಲು ದಪ್ಪಗೆ ತಳ್ಳಿದಂತೆ ಆಗುತ್ತಿತ್ತು. ಹಿಡಿಕೆಯ ಬಳಿ ಬ್ಯಾಟಿನ ವೇಗ ಕಡಿಮೆ, ತುದಿಯಲ್ಲಿ ಹೆಚ್ಚು. ಹಾಗಾಗಿ ಇದರಲ್ಲಿ ಸ್ಪಿನ್ ಇಲ್ಲವೇ ಇಲ್ಲ ಎನ್ನಬೇಕು. ನಾವು ಫ್ಲೋಟ್ ಎನ್ನುವ ಸರ್ವ್ ಇದೇ. ತಾಗಿದ ಮೇಲೆ ಅವರ ಕೈ ಕೆಳಕ್ಕೆ ಜೋರಾಗಿ ಬೀಸಿ ಹೋಗುತ್ತಿತ್ತು. ಎರಡು ವರ್ಷ ನಾನು ನೋಡಿದ್ದು ಆ ಬೀಸನ್ನು. ಆ ಹೊತ್ತಿಗೆ ಚೆಂಡು ಬ್ಯಾಟಿನಿಂದ ಹೊರಟೇ ಆಗಿರುತ್ತಿತ್ತು.

ಅವರು ತೋರಿಸಿದ ಮೇಲೂ ನನ್ನ ಕಣ್ಣು ಅಲ್ಲಿ ನಿಲ್ಲಲು ಆರು ತಿಂಗಳು ಬೇಕಾಯಿತು. ಸರ್ವ್ ಹಾಕುವವರು ಚೆಂಡನ್ನು ಮೇಲಕ್ಕೆ ಎಸೆದಾಗ ನಮ್ಮ ಕಣ್ಣು ಚೆಂಡಿನ ಜೊತೆ ಮೇಲೆ ಹೋಗುತ್ತದೆ. ಹೋಗಲಿ, ಆದರೆ ಚೆಂಡು ಇಳಿಯುವ ಮೊದಲೇ ಬ್ಯಾಟು ಬರುವ ಜಾಗಕ್ಕೆ ವಾಪಸ್ ಬಂದಿರಬೇಕು. ನಿಯಮವೂ ನಮ್ಮ ಕಡೆಗಿದೆ. ಚೆಂಡನ್ನು ತೆರೆದ ಅಂಗೈಯಿಂದ ಕನಿಷ್ಠ 16 ಸೆಂಟಿಮೀಟರ್ ಎಸೆಯಬೇಕು. 2002ರಿಂದೀಚೆಗೆ ತೋಳನ್ನೋ ಮೈಯನ್ನೋ ಅಡ್ಡ ಹಿಡಿದು ಚೆಂಡನ್ನು ಮರೆಮಾಡುವಂತಿಲ್ಲ. ಮರೆಮಾಡಿದರೆ ಅಂಪೈರಿಗೆ ಹೇಳಬೇಕು. ನಮ್ಮ ಮಕ್ಕಳು ಇದನ್ನು ಜಗಳವೆಂದು ತಿಳಿದು ಹಿಂಜರಿಯುತ್ತಾರೆ. ನೋಡುವುದು ರಿಟರ್ನ್ ಮಾಡುವವರ ಹಕ್ಕು, ಮೆಲ್ಲಗೆ ಕೇಳಿ ಪಡೆಯಬಹುದು.

2. ಅವರ ಬ್ಯಾಟು ಹೋದ ಕಡೆಗೆ ನಿಮ್ಮ ಚೆಂಡು ಹೋಗುತ್ತದೆ

ಸ್ಪಿನ್ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಒಂದು ಸೂತ್ರ. ತಾಗುವ ಹೊತ್ತಿಗೆ ಎದುರಾಳಿಯ ಬ್ಯಾಟು ಕೆಳಕ್ಕೆ ಹೋಗುತ್ತಿದ್ದರೆ, ನೀವು ಸುಮ್ಮನೆ ಬ್ಯಾಟು ಒಡ್ಡಿದಾಗ ಚೆಂಡು ಕೆಳಕ್ಕೆ, ನೆಟ್ಟಿಗೆ ಹೋಗುತ್ತದೆ. ಮೇಲಕ್ಕೆ ಹೋಗುತ್ತಿದ್ದರೆ ಮೇಲಕ್ಕೆ ಹಾರುತ್ತದೆ. ಅವರ ಎಡಕ್ಕೆ ಹೋಗುತ್ತಿದ್ದರೆ ಅವರ ಎಡಕ್ಕೇ ಹೋಗುತ್ತದೆ. ಆದ್ದರಿಂದ ಅವರ ಬ್ಯಾಟು ಎಲ್ಲಿಂದ ಹೊರಟಿತೋ ಆ ಕಡೆಗೆ ಗುರಿ ಇಡಬೇಕು.

ಬಲಗೈ ಆಟಗಾರರು ಹೆಚ್ಚಾಗಿ ಹಾಕುವ ಪೆಂಡುಲಮ್ ಸರ್ವನ್ನೇ ನೋಡಿ. ಬ್ಯಾಟಿನ ತುದಿ ಕೆಳಗೆ ತೂಗಿಕೊಂಡು, ಗಡಿಯಾರದ ಲೋಲಕದ ಹಾಗೆ ಅವರ ಬಲದಿಂದ ಎಡಕ್ಕೆ ಬರುತ್ತದೆ. ಈ ಚೆಂಡು ಗಾಳಿಯಲ್ಲಿ ನಿಮ್ಮ ಎಡಕ್ಕೆ ಬಾಗಿ ಬರುತ್ತದೆ. ನಿಮ್ಮ ಬ್ಯಾಟಿಗೆ ತಾಗಿದ ಕೂಡಲೇ ನಿಮ್ಮ ಬಲಕ್ಕೆ ಚಿಮ್ಮುತ್ತದೆ. ಬರುವಾಗ ಒಂದು ಕಡೆ, ಹೋಗುವಾಗ ಇನ್ನೊಂದು ಕಡೆ. ಮಕ್ಕಳಿಗೆ ಗಲಿಬಿಲಿಯಾಗುವುದು ಇಲ್ಲೇ. ಚೆಂಡು ಬಾಗಿದ ದಿಕ್ಕನ್ನು ನೋಡಿ ಸರಿಪಡಿಸಲು ಹೋದರೆ ತಪ್ಪು ಇನ್ನೂ ದೊಡ್ಡದಾಗುತ್ತದೆ. ಬ್ಯಾಟಿನ ದಿಕ್ಕನ್ನು ಹಿಡಿದುಕೊಂಡರೆ ಲೆಕ್ಕ ಸರಿಹೋಗುತ್ತದೆ: ಅವರ ಬ್ಯಾಟು ಹೊರಟದ್ದು ಅವರ ಬಲದಿಂದ, ನೀವು ಆಡಬೇಕಾದ್ದು ಅವರ ಬಲಕ್ಕೆ.

ರಿವರ್ಸ್ ಪೆಂಡುಲಮ್ ಇದರ ತದ್ವಿರುದ್ಧ. ಎಡಗೈಯವರ ಸರ್ವನ್ನೂ ಇದೇ ಸೂತ್ರದಿಂದ ಓದಬಹುದು, ಬೇರೆ ಪಾಠ ಬೇಕಿಲ್ಲ.

3. ಚೆಂಡಿನ ಮೇಲಿನ ಮುದ್ರೆ

ತಾಗಿದ್ದು ಕಾಣಲಿಲ್ಲ ಎನ್ನಿ. ಇನ್ನೂ ಸ್ವಲ್ಪ ಹೊತ್ತು ಉಳಿದಿದೆ. ಮೇಜಿನ ಉದ್ದ 2.74 ಮೀಟರ್. ಸರ್ವ್ ಅದನ್ನು ದಾಟುವಷ್ಟರಲ್ಲಿ ಚೆಂಡೇ ಕೆಲವು ಸಂಗತಿಗಳನ್ನು ತಿಳಿಸುತ್ತದೆ. 40 ಮಿಲಿಮೀಟರಿನ ಆ ಬಿಳಿ ಚೆಂಡಿನ ಮೇಲೆ ಕಂಪನಿಯ ಮುದ್ರೆ ಇರುತ್ತದೆ. ಮುದ್ರೆ ಕಣ್ಣಿಗೆ ಬಿಡಿಬಿಡಿಯಾಗಿ ಸಿಕ್ಕಿದರೆ ಸ್ಪಿನ್ ಕಡಿಮೆ. ಕಲಸಿಹೋಗಿ ಬರಿಯ ಬಿಳಿಯಾಗಿ ಕಂಡರೆ ಜೋರಾಗಿ ತಿರುಗುತ್ತಿದೆ ಎಂದೇ ಅರ್ಥ. ಬ್ಯಾಕ್‌ಸ್ಪಿನ್ ಇರುವ ಚೆಂಡು ನೆಟ್ ದಾಟುವಾಗ ತೇಲಿದಂತೆ ಬರುತ್ತದೆ, ನಿಮ್ಮ ಕಡೆ ಪುಟಿದ ಮೇಲೆ ಮುಂದಕ್ಕೆ ಬರಲು ಮನಸ್ಸಿಲ್ಲದ ಹಾಗೆ ತಡೆಯುತ್ತದೆ. ಟಾಪ್‌ಸ್ಪಿನ್ ಇದ್ದರೆ ಬೇಗ ಇಳಿಯುತ್ತದೆ, ಪುಟಿದ ಕೂಡಲೇ ಮುನ್ನುಗ್ಗುತ್ತದೆ. ಮುದ್ರೆ ನೋಡುವ ಅಭ್ಯಾಸ ಎಲ್ಲರ ಕಣ್ಣಿಗೂ ಒಗ್ಗುವುದಿಲ್ಲ. ನನಗೆ ನಲವತ್ತರ ನಂತರ ಅದು ಕಾಣುವುದು ನಿಂತಿತು. ಪುಟಿತ ಮಾತ್ರ ಈಗಲೂ ಕಾಣುತ್ತದೆ.

4. ಕಿವಿಗೂ ಕೆಲಸ ಕೊಡಿ

ಸವರಿದ ಚೆಂಡು ಹೆಚ್ಚು ಸದ್ದು ಮಾಡುವುದಿಲ್ಲ. ದಪ್ಪಗೆ ತಾಗಿದ್ದು 'ಟೊಕ್' ಎನ್ನುತ್ತದೆ. ನಮ್ಮ ಕ್ಯಾಷಿಯರ್ ಸರ್ ಅವರ ಫ್ಲೋಟನ್ನು ಕೊನೆಗೆ ನಾನು ಹಿಡಿದದ್ದು ಕಿವಿಯಿಂದ. ಈ ಆಟದ ಇತಿಹಾಸದಲ್ಲಿ ಕಿವಿಗೆ ಎಷ್ಟು ಬೆಲೆ ಇತ್ತೆಂಬುದು ಗೊತ್ತಾದದ್ದು ನಮ್ಮ ದೇಶದಲ್ಲೇ. 1952ರಲ್ಲಿ ಬೊಂಬಾಯಿಯಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಏಷ್ಯಾದಲ್ಲಿ ಅದೇ ಮೊದಲು. ಜಪಾನಿನ ಹಿರೋಜಿ ಸಾತೋ ದಪ್ಪ ಸ್ಪಂಜು ಅಂಟಿಸಿದ ಬ್ಯಾಟು ಹಿಡಿದು ಬಂದರು. ಅದರಿಂದ ಸದ್ದೇ ಹೊರಡುತ್ತಿರಲಿಲ್ಲ. ಅದುವರೆಗೆ ಗಟ್ಟಿ ಬ್ಯಾಟಿನ ಸದ್ದು ಕೇಳಿ ಹೊಡೆತದ ಬಲ ಅಳೆಯುತ್ತಿದ್ದ ದೊಡ್ಡ ದೊಡ್ಡ ಆಟಗಾರರು ತಡವರಿಸಿದರು. ಪುರುಷರ ಸಿಂಗಲ್ಸ್ ಕಿರೀಟ ಸಾತೋ ಅವರದಾಯಿತು.

5. ಪಂದ್ಯಕ್ಕೆ ಮೊದಲು ಎದುರಾಳಿಯ ಬ್ಯಾಟನ್ನು ಮುಟ್ಟಿ ನೋಡಿ

ಬ್ಯಾಟನ್ನು ತೋರಿಸಬೇಕೆಂದು ನಿಯಮವೇ ಇದೆ. ಆದರೂ ಎಷ್ಟೋ ಮಕ್ಕಳು ಅದನ್ನು ಕೈಗೆ ತೆಗೆದುಕೊಂಡು, ತಿರುಗಿಸಿದ ಶಾಸ್ತ್ರ ಮಾಡಿ ವಾಪಸ್ ಕೊಡುತ್ತಾರೆ. ಹೆಬ್ಬೆರಳಿನಿಂದ ರಬ್ಬರನ್ನು ಉಜ್ಜಿ ನೋಡಬೇಕು. ಬೆರಳು ಅಂಟಿಕೊಂಡಂತಾದರೆ ಸ್ಪಿನ್ ಹಾಕುವ ರಬ್ಬರು. ನುಣ್ಣಗಿದ್ದು ಜಾರಿದರೆ ಸ್ಪಿನ್ ಹಿಡಿಯದ ಆ್ಯಂಟಿ. ಉದ್ದ ಮುಳ್ಳುಗಳು ಬೆರಳಿಗೆ ಸಿಕ್ಕಿ ಬಾಗಿದರೆ ಲಾಂಗ್ ಪಿಂಪಲ್. ಯಾವ ಬಣ್ಣದಲ್ಲಿ ಏನಿದೆ ಎಂದು ಆಗಲೇ ಮನಸ್ಸಿನಲ್ಲಿ ಹೇಳಿಕೊಳ್ಳಬೇಕು. 1986ರಿಂದ ಬ್ಯಾಟಿನ ಒಂದು ಬದಿ ಕೆಂಪು, ಇನ್ನೊಂದು ಕಪ್ಪು ಇರಬೇಕೆಂಬ ನಿಯಮ ಬಂದದ್ದೇ ಇದಕ್ಕಾಗಿ. ಎರಡೂ ಬದಿ ಒಂದೇ ಬಣ್ಣವಿದ್ದಾಗ ಬ್ಯಾಟನ್ನು ತಿರುಗಿಸಿ ತಿರುಗಿಸಿ ಆಡುತ್ತಿದ್ದವರ ಎದುರು ಊಹೆಯೊಂದೇ ಗತಿಯಾಗಿತ್ತು. 2021ರ ಕೊನೆಯಿಂದ ಕೆಂಪಿನ ಬದಲು ನೀಲಿ, ಹಸಿರು, ಗುಲಾಬಿ, ನೇರಳೆಗೂ ಅವಕಾಶವಿದೆ. ಕಪ್ಪು ಮಾತ್ರ ಇರಲೇಬೇಕು.

ಲಾಂಗ್ ಪಿಂಪಲ್ ಮತ್ತು ಆ್ಯಂಟಿ ರಬ್ಬರುಗಳು ತಾವಾಗಿ ಹೆಚ್ಚು ಸ್ಪಿನ್ ಹಾಕುವುದಿಲ್ಲ, ನೀವು ಹಾಕಿದ್ದನ್ನು ನಿಮಗೇ ವಾಪಸ್ ಕಳಿಸುತ್ತವೆ. ನೀವು ಟಾಪ್‌ಸ್ಪಿನ್ ಹಾಕಿ ಜೋರಾಗಿ ಲೂಪ್ ಮಾಡಿದ್ದು ಬ್ಲಾಕ್ ಆಗಿ ಚಾಪಿನ ಹಾಗೆ ಬರುತ್ತದೆ. ನೀವು ಪುಶ್ ಮಾಡಿದ್ದು ಫ್ಲೋಟ್ ಆಗಿಯೋ ಸಣ್ಣ ಟಾಪ್‌ಸ್ಪಿನ್ ಆಗಿಯೋ ಬರುತ್ತದೆ. ಇಲ್ಲಿ ಓದಬೇಕಾದ್ದು ನಿಮ್ಮದೇ ಹಿಂದಿನ ಹೊಡೆತವನ್ನು. ನಮ್ಮ ದೇಶದ ಮಣಿಕಾ ಬಾತ್ರಾ ಬ್ಯಾಕ್‌ಹ್ಯಾಂಡಿನಲ್ಲಿ ಪಿಂಪಲ್ ಹಾಕಿಕೊಂಡೇ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. 2024ರ ಫೆಬ್ರವರಿಯಲ್ಲಿ ಬೂಸಾನಿನ ವಿಶ್ವ ತಂಡ ಚಾಂಪಿಯನ್‌ಶಿಪ್‌ನಲ್ಲಿ ನಮ್ಮವರೇ ಆದ ಐಹಿಕಾ ಮುಖರ್ಜಿ ಆಗಿನ ವಿಶ್ವದ ನಂಬರ್ 1, ಚೀನಾದ ಸುನ್ ಯಿಂಗ್‌ಶಾ ಅವರನ್ನು ಸೋಲಿಸಿದ್ದು ಆ್ಯಂಟಿ ಹಿಡಿದು. ಆ ಪಂದ್ಯ ನೋಡುತ್ತಾ ನಾನು ಎದ್ದು ನಿಂತಿದ್ದೆ. ಇಂಥ ರಬ್ಬರನ್ನು ಮೋಸ ಎನ್ನುವವರು ನಮ್ಮ ಹಾಲುಗಳಲ್ಲಿ ಈಗಲೂ ಇದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಅದನ್ನು ಹಿಡಿದು ಆಡಲು ಬೇರೆಯದೇ ಜಾಣ್ಮೆ ಬೇಕು, ಎದುರಿಸುವುದಕ್ಕೂ ಬೇಕು.

6. ಸ್ಪಿನ್ನಿಗಿಂತ ಮೊದಲು ಉದ್ದ

ಚೆಂಡು ಸರ್ವ್ ಹಾಕುವವರ ಕಡೆ ಮೊದಲು ಎಲ್ಲಿ ಬೀಳುತ್ತದೆ ನೋಡಿ. ಅವರ ಅಂಚಿನ ಗೆರೆಯ ಹತ್ತಿರ ಬಿದ್ದರೆ ಸಾಮಾನ್ಯವಾಗಿ ಉದ್ದಕ್ಕೆ ಬರುತ್ತದೆ, ನೆಟ್ಟಿನ ಕಡೆಗೆ ಬಿದ್ದರೆ ಗಿಡ್ಡಕ್ಕೆ. ಉದ್ದಕ್ಕೆ ಬಂದದ್ದನ್ನು ಪುಶ್ ಮಾಡಿ ಕೊಟ್ಟರೆ ಮುಂದಿನ ಹೊಡೆತ ಅವರದು, ಅದನ್ನು ಲೂಪ್ ಮಾಡಲೇಬೇಕು. ಹತ್ತು ಲೂಪ್ ಹೊರಗೆ ಹೋದರೂ ಬೈಯುವುದಿಲ್ಲ ಎಂದು ಮಕ್ಕಳಿಗೆ ಮೊದಲೇ ಮಾತು ಕೊಟ್ಟಿರುತ್ತೇನೆ.

ಗಿಡ್ಡ ಸರ್ವಿಗೆ ಬಲಗೈಯವರಾದರೆ ಬಲಗಾಲು ಮೇಜಿನ ಕೆಳಗೆ ಹೋಗಬೇಕು. ನಮ್ಮ ಮಕ್ಕಳು ಕಾಲು ಇಡದೆ ಕೈಯನ್ನಷ್ಟೇ ಚಾಚುತ್ತಾರೆ, ಚೆಂಡು ದೂರದಲ್ಲಿ ಸಿಗುತ್ತದೆ, ಸ್ಪಿನ್ ಸರಿಯಾಗಿ ಓದಿದ್ದೂ ವ್ಯರ್ಥವಾಗುತ್ತದೆ. ಹತ್ತಿರ ಹೋದವರಿಗೆ ದಾರಿಗಳು ಹೆಚ್ಚು. ಗಿಡ್ಡಕ್ಕೇ ವಾಪಸ್ ಇಡಬಹುದು, ಮೂಲೆಗೆ ಉದ್ದ ತಳ್ಳಬಹುದು, ಮಣಿಕಟ್ಟಿನಿಂದ ಚಿಮ್ಮಿಸಿ ಫ್ಲಿಕ್ ಮಾಡಬಹುದು. ಮಣಿಕಟ್ಟನ್ನು ಒಳಕ್ಕೆ ಸುತ್ತಿ ಮೇಜಿನ ಮೇಲೆಯೇ ಸೈಡ್‌ಸ್ಪಿನ್ ಬೆರೆಸಿ ಎತ್ತುವ ಬನಾನಾ ಫ್ಲಿಕ್ಕನ್ನು ಜೆಕ್ ಆಟಗಾರ ಪೆಟ್ರ್ ಕೊರ್ಬೆಲ್ ಆಡಿ ತೋರಿಸಿದ್ದರು. ಅದನ್ನೇ ಆಯುಧ ಮಾಡಿಕೊಂಡ ಚೀನಾದ ಝಾಂಗ್ ಜಿಕೆ 2011 ಮತ್ತು 2013ರಲ್ಲಿ ವಿಶ್ವ ಚಾಂಪಿಯನ್ ಆದರು, ನಡುವೆ 2012ರಲ್ಲಿ ಲಂಡನ್ ಒಲಿಂಪಿಕ್ಸ್ ಚಿನ್ನ ಗೆದ್ದರು. ಗಿಡ್ಡ ಸರ್ವ್ ಹಾಕಿದರೆ ಭಯವಿಲ್ಲ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

7. ಹಿಡಿತ

ರಿಟರ್ನಿಗೆ ನಿಂತ ಮಗುವಿನ ಬೆರಳುಗಳ ಗಂಟು ಬೆಳ್ಳಗಾಗಿದ್ದರೆ ಆ ಚೆಂಡು ಎತ್ತರಕ್ಕೆ ಹೋಗುತ್ತದೆಂದು ನನಗೆ ಮೊದಲೇ ಗೊತ್ತು. ಸಡಿಲವಾಗಿ ಹಿಡಿದ ಬ್ಯಾಟು ಸ್ಪಿನ್ನನ್ನು ಸ್ವಲ್ಪ ಹೀರಿಕೊಳ್ಳುತ್ತದೆ, ಕೊನೆಯ ಗಳಿಗೆಯಲ್ಲಿ ಕೋನ ಬದಲಿಸಲೂ ಬಿಡುತ್ತದೆ.

8. ಮಳೆಗಾಲದ ಲೆಕ್ಕ ಬೇರೆ

ಪುಸ್ತಕಗಳಲ್ಲಿ ಇದು ಸಿಗುವುದು ಅಪರೂಪ, ಕರಾವಳಿಯವರು ಆಡಿಯೇ ಕಲಿಯಬೇಕು. ಜೂನ್ ಬಂತೆಂದರೆ ನಮ್ಮ ಹಾಲಿನ ಗೋಡೆಯೇ ಬೆವರುತ್ತದೆ. ಚೆಂಡಿನ ಮೇಲೆ, ರಬ್ಬರಿನ ಮೇಲೆ ಕಣ್ಣಿಗೆ ಕಾಣದ ತೇವ ಕೂರುತ್ತದೆ. ಗಾಳಿಗೆ ಚೆಂಡು ಅಲುಗುವುದರಿಂದ ಫ್ಯಾನ್ ಹಾಕುವಂತಿಲ್ಲ. ಆಟಿ ತಿಂಗಳ ಮಳೆಯಲ್ಲಿ ರಬ್ಬರು ಚೆಂಡನ್ನು ಹಿಡಿಯದೆ ಜಾರಿಸಿಬಿಡುತ್ತದೆ. ಏಪ್ರಿಲ್‌ನಲ್ಲಿ ಗಟ್ಟಿ ಚಾಪ್ ಆಗಿ ಬರುತ್ತಿದ್ದ ಸರ್ವ್ ಈಗ ಫ್ಲೋಟಿನಂತೆ ಬರುತ್ತದೆ. ಬೀಸು ನೋಡಿ ಬ್ಯಾಟನ್ನು ತೀರಾ ತೆರೆದು ಪುಶ್ ಮಾಡಿದರೆ ಚೆಂಡು ಎದ್ದು ನಿಲ್ಲುತ್ತದೆ. ನಾನು ಹಾಲಿಗೆ ಎರಡು ಟವೆಲ್ ಒಯ್ಯುತ್ತೇನೆ, ಒಂದು ಮೈಗೆ, ಇನ್ನೊಂದು ಬ್ಯಾಟಿಗೆ. ಪ್ರತಿ 6 ಪಾಯಿಂಟಿಗೊಮ್ಮೆ ಒರೆಸಿಕೊಳ್ಳಲು ನಿಯಮ ಬಿಡುವು ಕೊಡುತ್ತದೆ, ಅದರಲ್ಲಿ ಒಂದನ್ನೂ ಬಿಡಬೇಡಿ.

9. ತಪ್ಪಿದ ಚೆಂಡು ಎಲ್ಲಿ ಹೋಯಿತು?

ಕಳೆದ ವರ್ಷ ನನ್ನ ಬಳಿ ಕಲಿಯುವ ಹನ್ನೆರಡರ ಹುಡುಗಿಯೊಬ್ಬಳು ಮೊದಲ ಗೇಮಿನಲ್ಲಿ 5 ರಿಟರ್ನ್ ಕಳೆದುಕೊಂಡು ಬಂದಳು. ಗೇಮುಗಳ ನಡುವೆ ಸಿಗುವುದು ಒಂದೇ ನಿಮಿಷ. ಕಣ್ಣಲ್ಲಿ ನೀರು ತುಂಬಿತ್ತು. "ಎಲ್ಲವೂ ಹೋಯ್ತು ಸರ್," ಎಂದಳು.

"ಎಲ್ಲಿಗೆ ಹೋಯ್ತಮ್ಮ?"

ಸ್ವಲ್ಪ ಯೋಚಿಸಿದಳು. "ನೆಟ್ಟಿಗೆ ಅಲ್ಲ. ಬಲಕ್ಕೆ. ಹೊರಗೆ."

ಹಾಗಾದರೆ ಎತ್ತರ ಸರಿ ಇತ್ತು. ಚಾಪನ್ನು ಓದಿದ್ದಳು, ಅದರಲ್ಲಿ ಬೆರೆತಿದ್ದ ಸೈಡ್‌ಸ್ಪಿನ್ನನ್ನು ಬಿಟ್ಟಿದ್ದಳು. "ಆ ಹುಡುಗಿಯ ಬ್ಯಾಟು ಎಲ್ಲಿಂದ ಹೊರಡ್ತದೆ?" ಎಂದೆ. ಕೈಯಿಂದ ತೋರಿಸಿದಳು. "ಅಲ್ಲಿಗೇ ಆಡು." ಎರಡನೆಯ ಗೇಮಿನಲ್ಲಿ ಒಂದು ರಿಟರ್ನ್ ಮಾತ್ರ ಹೋಯಿತು. ಪಂದ್ಯ ಸೋತಳು, ಆದರೆ ಅತ್ತುಕೊಂಡು ಬರಲಿಲ್ಲ. ಐದನೆಯ ಗೇಮಿನಲ್ಲಿ ಎದುರಾಳಿ ಹಾಕಿದ ಹೊಸ ಸರ್ವ್ ಯಾವುದೆಂದು ನನಗೆ ವಿವರಿಸುತ್ತಾ ಬಂದಳು.

ಆ ವಾರದಿಂದ ನಮ್ಮ ಹಾಲಿನಲ್ಲಿ ಒಂದು ಅಭ್ಯಾಸ ಶುರು ಮಾಡಿದೆವು. ಒಬ್ಬರು ಸರ್ವ್ ಹಾಕುತ್ತಾರೆ, ಇನ್ನೊಬ್ಬರು ಬ್ಯಾಟು ಕೆಳಗಿಟ್ಟು ಕೈಕಟ್ಟಿ ನಿಲ್ಲುತ್ತಾರೆ. ಚೆಂಡು ನೆಟ್ ದಾಟುವ ಮೊದಲು ಕೂಗಿ ಹೇಳಬೇಕು: ಚಾಪ್, ಟಾಪ್, ಫ್ಲೋಟ್, ಎಡ, ಬಲ. ಹೊಡೆಯುವ ಚಿಂತೆ ಇಲ್ಲದಿದ್ದಾಗ ಕಣ್ಣು ಎಷ್ಟು ಬೇಗ ಕಲಿಯುತ್ತದೆಂದು ಮಾಡಿಯೇ ನೋಡಬೇಕು. ದಿನಕ್ಕೆ ಹತ್ತು ನಿಮಿಷ ಸಾಕು.

ಒಂದು ತಿಂಗಳಾದ ಮೇಲೆ ಅದೇ ಹುಡುಗಿ ಬಂದು, "ಸರ್, ಇವತ್ತು ನೀವು ನಿಲ್ಲಿ, ನಾನು ಹಾಕ್ತೇನೆ," ಎಂದಳು. ಹತ್ತು ಸರ್ವ್ ಹಾಕಿದಳು. ಎಂಟನ್ನು ಸರಿಯಾಗಿ ಹೇಳಿದೆ, ಎರಡು ತಪ್ಪಿದವು. ಎರಡೂ ಫ್ಲೋಟ್. ಎರಡರಲ್ಲೂ ಅವಳ ಕೈ ಕೆಳಕ್ಕೆ ಜೋರಾಗಿ ಬೀಸಿ ಹೋಗಿತ್ತು.

"ಆ ಎರಡನ್ನು ಇನ್ನೊಮ್ಮೆ ಹಾಕಮ್ಮ," ಎಂದೆ.