ಸ್ಕಾಲರ್‌ಶಿಪ್ ಅರ್ಜಿಗೆ ಮೊದಲು ಬ್ಯಾಂಕಿಗೆ ಹೋಗಿ

ಡಿಗ್ರಿಗೆ ಅಡ್ಮಿಷನ್ ಆದ ಕೂಡಲೇ ಎಲ್ಲರೂ ಓಡುವುದು ಸೈಬರ್ ಸೆಂಟರಿಗೆ. ಆದರೆ ಸ್ಕಾಲರ್‌ಶಿಪ್ ಮಂಜೂರಾಗಿಯೂ ಕೈಗೆ ಸಿಗದಿದ್ದರೆ ತೊಡಕು ಬಹುತೇಕ ಅರ್ಜಿಯದಲ್ಲ, ಬ್ಯಾಂಕ್ ಖಾತೆಯದು. ಆದ್ದರಿಂದ ಅಲ್ಲಿಂದಲೇ ಶುರು ಮಾಡಿ.

ಸರ್ಕಾರ ಈ ಹಣ ಹಾಕುವುದು ಆಧಾರ್ ನೋಡಿ. ಬ್ಯಾಂಕ್ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆಯ ದಾಖಲೆಯಲ್ಲಿ ನಿಮ್ಮ ಆಧಾರ್‌ಗೆ ಕೊನೆಯದಾಗಿ ಯಾವ ಬ್ಯಾಂಕ್ ಜೋಡಣೆಯಾಗಿದೆಯೋ ಅಲ್ಲಿಗೇ ದುಡ್ಡು. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಈ ಜೋಡಣೆ ಆದಂತಲ್ಲ. ‘ಆಧಾರ್ ಸೀಡಿಂಗ್’ಗೆ ಬೇರೆಯೇ ಒಪ್ಪಿಗೆ ಬರೆದುಕೊಡಬೇಕು. ‘ಮೈ ಆಧಾರ್’ ಜಾಲತಾಣದ ಬ್ಯಾಂಕ್ ಸೀಡಿಂಗ್ ಸ್ಟೇಟಸ್‌ನಲ್ಲಿ ಬ್ಯಾಂಕಿನ ಹೆಸರು ಕಾಣುತ್ತದೆ. ಅದು ಹೈಸ್ಕೂಲಿನಲ್ಲಿ ತೆರೆದು ಮರೆತ ಖಾತೆಯಾಗಿದ್ದರೆ ಈಗಲೇ ಬದಲಿಸಿ.

ಎರಡನೆಯದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು. ನಮ್ಮಲ್ಲಿ ಇದು ಮಾಮೂಲು. ಕಂಪ್ಯೂಟರಿಗೆ ಮಾತ್ರ ಈ ಎರಡು ಹೆಸರಿನವರು ಬೇರೆ ಬೇರೆ ವ್ಯಕ್ತಿಗಳು! ಅಂಕಪಟ್ಟಿ ತಿದ್ದಿಸುವುದಕ್ಕಿಂತ ಆಧಾರ್ ತಿದ್ದಿಸುವುದು ಸುಲಭ.

ಮುಂದೆ ನಾಡಕಚೇರಿ. ಅರ್ಜಿಗೆ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ಆದಾಯ ಪತ್ರದ ಅವಧಿ 5 ವರ್ಷ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಡಿಗ್ರಿ ನಡುವೆ ಮುಗಿಯುತ್ತದೆ, ದಿನಾಂಕ ನೋಡಿಕೊಳ್ಳಿ.

ಇಷ್ಟಾದ ಮೇಲೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ. ದಾಖಲೆಗಳಿಗೆ ಮೊದಲು ಕಾಲೇಜಿನಲ್ಲಿ ಇ-ದೃಢೀಕರಣ ಮಾಡಿಸಿಕೊಳ್ಳಿ. ಕೊನೆಯ ವಾರ ಹೋದರೆ ಅದನ್ನು ಮಾಡಿಕೊಡುವ ಮೇಜಿನ ಮುಂದೆ ಕ್ಯೂ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳು ‘ವಿದ್ಯಾಸಿರಿ’ಯನ್ನು ಬಿಡಬೇಡಿ. ಊಟ, ವಸತಿಗೆಂದು ವರ್ಷದಲ್ಲಿ 10 ತಿಂಗಳ ಹಣ ಕೊಡುವ ಯೋಜನೆ ಅದು. ಆದಾಯ ಮಿತಿ ಇಲಾಖೆಯಿಂದ ಇಲಾಖೆಗೆ ಬೇರೆ. ಆ ವರ್ಷದ ಪ್ರಕಟಣೆಯನ್ನೇ ನಂಬಿ, ವಾಟ್ಸ್ಆ್ಯಪ್ ಸಂದೇಶವನ್ನಲ್ಲ.

ಜಾತಿಯ ಷರತ್ತಿಲ್ಲದ ದಾರಿಯೂ ಒಂದಿದೆ. ರಾಷ್ಟ್ರೀಯ ಪೋರ್ಟಲ್ ಎನ್‌ಎಸ್‌ಪಿಯಲ್ಲಿ ಕೇಂದ್ರದ ‘ಪಿಎಂ-ಯುಎಸ್‌ಪಿ’ ಸ್ಕಾಲರ್‌ಶಿಪ್: ಪದವಿಗೆ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ 20,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ಮೀರಬಾರದು. ಪಿಯುಸಿಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು. ಇದನ್ನು ಶೇ 80 ಅಂಕ ಎಂದುಕೊಂಡು ಹಿಂದೆ ಸರಿಯುವವರಿದ್ದಾರೆ. ಹಾಗಲ್ಲ, ನಿಮ್ಮ ಬೋರ್ಡಿನಲ್ಲಿ ನಿಮ್ಮ ವಿಭಾಗದ ಮೇಲಿನ ಶೇ 20 ಮಂದಿಯೊಳಗೆ ಇದ್ದರಾಯಿತು. ಆದರೆ ಬೇರೆ ಸ್ಕಾಲರ್‌ಶಿಪ್ ಪಡೆಯುತ್ತಾ ಇದನ್ನೂ ಪಡೆಯುವಂತಿಲ್ಲ. ಯಾವುದು ಹೆಚ್ಚು ಎಂದು ಲೆಕ್ಕ ಹಾಕಿ. ಪ್ರತಿ ವರ್ಷ ನವೀಕರಣಕ್ಕೆ ಶೇ 50 ಅಂಕ, ಶೇ 75 ಹಾಜರಾತಿ ಬೇಕು.

ಅರ್ಜಿ ಹಾಕಿದ ಮೇಲೆ ಸ್ವೀಕೃತಿಯನ್ನು ಪ್ರಿಂಟ್ ತೆಗೆದಿಡಿ. ರಾಜ್ಯದ ಹಣ ಬಂತೇ ಎಂದು ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ನೋಡಬಹುದು. ಪಾವತಿ ವಿಫಲವೆಂದು ತೋರಿಸಿದರೆ ಸೀಡಿಂಗ್ ಸರಿಪಡಿಸಿ, ಸ್ವೀಕೃತಿಯೊಂದಿಗೆ ತಾಲ್ಲೂಕಿನ ಸಂಬಂಧಪಟ್ಟ ಇಲಾಖೆ ಕಚೇರಿಗೆ ಹೋಗಿ ತಿಳಿಸಿ.