ಹೆಸರೂ ಅದನ್ನು ಹುಡುಕುವ ಕೋಶವೂ

ಕಳೆದ ವರ್ಷ ನಮ್ಮಜ್ಜಿ ಒಂದು ಕಚೇರಿಯಲ್ಲಿ ತಮ್ಮ ಊರು 'ಹಿರೋಡೆ' ಎಂದರು. ಕಂಪ್ಯೂಟರಿನ ಮುಂದಿದ್ದವರು ಪಟ್ಟಿ ನೋಡಿ, "ಅಂಥ ಊರಿಲ್ಲ, ಅಜ್ಜಿ" ಎಂದರು. ನಾನು 'ಪಾಂಡವಪುರ' ಎಂದ ಮೇಲೆ ಕೆಲಸವಾಯಿತು. ಊರು ಇದ್ದೇ ಇತ್ತು. ಹುಡುಕಿದ ಪಟ್ಟಿಯಲ್ಲಿ ಆ ಹೆಸರಿರಲಿಲ್ಲ, ಅಷ್ಟೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಕಲಿಯುವಾಗ ನನಗೆ ಈ ಪ್ರಸಂಗ ಮತ್ತೆ ನೆನಪಾಯಿತು.

ಪೈಥಾನಿನಲ್ಲಿ ಹೆಸರಿಗೆ ತಾನೇ ತಾನಾಗಿ ಅರ್ಥವಿಲ್ಲ. ಹೆಸರಿನ ಎದುರು ಬೆಲೆಯನ್ನು ಬರೆದಿಟ್ಟ ಕೋಶವೊಂದುಂಟು. ಅದಕ್ಕೆ 'ಡಿಕ್ಟ್' ಎನ್ನುವರು. ಅದನ್ನು ಹೋಲುವ ನಮ್ಮದೇ ಕೋಶವನ್ನೂ ರಚಿಸಬಹುದು. ಕೇಳಿದ ಹೆಸರು ಸಿಗದಾಗ ನಡೆಯುವ 'ಮಿಸ್ಸಿಂಗ್' ವಿಧಾನದಲ್ಲಿ ನಾನು ಹೀಗೆ ಬರೆದೆ: ಹಿರೋಡೆ ಎಂದರೆ ಪಾಂಡವಪುರವನ್ನು ಕೊಡು, ಅತ್ತಿಕುಪ್ಪೆ ಎಂದರೆ ಕೃಷ್ಣರಾಜಪೇಟೆಯನ್ನು ಕೊಡು. ಶ್ರೀರಂಗಪಟ್ಟಣ, ನಾಗಮಂಗಲಗಳು ಕೋಶದಲ್ಲಿ ನೇರವಾಗಿಯೇ ಇದ್ದವು. 2008ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಇಂಥ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದೆಂಬುದು ಸಂತೋಷದ ಸಂಗತಿ.

ಈ ಕೋಶವನ್ನು ಎಲ್ಲಿ ಇಡುವುದು? ಬರೆದ ಸಾಲುಗಳನ್ನು ನಡೆಸುವ 'ಎಕ್ಸೆಕ್' ಎಂಬುದಕ್ಕೆ 'ಗ್ಲೋಬಲ್ಸ್', 'ಲೋಕಲ್ಸ್' ಎಂಬ ಎರಡು ಕೋಶಗಳನ್ನು ಕೊಡಬಹುದು. ಗ್ಲೋಬಲ್ಸ್ ಅಚ್ಚ ಡಿಕ್ಟೇ ಆಗಿರಬೇಕೆಂದು ನಿಯಮ. ಲೋಕಲ್ಸ್ ಸ್ಥಾನದಲ್ಲಿ ನಮ್ಮ ಕೋಶವೂ ಸಲ್ಲುವುದು. ಹುಡುಕಾಟ ಮೊದಲು ಲೋಕಲ್ಸ್, ಅನಂತರ ಗ್ಲೋಬಲ್ಸ್, ಕೊನೆಗೆ ಭಾಷೆಯೊಡನೆ ಬಂದ ಹೆಸರುಗಳು, ಈ ಕ್ರಮದಲ್ಲಿ ನಡೆಯುವುದು. ಆದ್ದರಿಂದ ನಮ್ಮ ಕೋಶ ತಾನರಿಯದ ಹೆಸರಿಗೆ 'ಕೀ ಎರರ್' ಎನ್ನಲೇಬೇಕು. ಏನಾದರೊಂದನ್ನು ಕೊಟ್ಟುಬಿಟ್ಟರೆ 'ಪ್ರಿಂಟ್' ಎಂಬುದೂ ಊರಾಗಿ ಹೋದೀತು!

ನನ್ನ ಸಾಲುಗಳು ಸರಿಯಾಗಿ ನಡೆದವು. ಅವನ್ನೇ ಒಂದು ಫಂಕ್ಷನ್ನಿನೊಳಗಿಟ್ಟು ಕರೆದಾಗ ಮಾತ್ರ ಹಿರೋಡೆ ಎಂಬ ಹೆಸರೇ ಇಲ್ಲವೆಂದು ಉತ್ತರ ಬಂದಿತು. ಕಾರಣವಿಷ್ಟು: ಫಂಕ್ಷನ್ ತನ್ನ ಸ್ವಂತ ಹೆಸರುಗಳನ್ನು ಕೋಶದಲ್ಲಿ ಹುಡುಕುವುದಿಲ್ಲ, ಅವುಗಳಿಗೆ ಮೊದಲೇ ಗೂಡುಗಳು ಗೊತ್ತಾಗಿರುತ್ತವೆ. ಹೊರಗಿನ ಹೆಸರಿಗಾಗಿ ಅದು ಗ್ಲೋಬಲ್ಸನ್ನು ನೋಡುವುದೇ ಹೊರತು ಎಕ್ಸೆಕ್‌ಗೆ ಕೊಟ್ಟ ಲೋಕಲ್ಸನ್ನಲ್ಲ. ಕೊನೆಗೆ ಕೋಶವನ್ನೇ ಫಂಕ್ಷನ್ನಿನ ಕೈಗೆ ಕೊಟ್ಟು, ಬೇಕಾದ ಹೆಸರನ್ನು ಅದರಲ್ಲಿ ಕೇಳುವಂತೆ ಮಾಡಿದೆ. ಇದೇ ಸರಳ ಮಾರ್ಗ.

ಕ್ಲಾಸಿನ ಒಡಲಿಗಾದರೆ 'ಪ್ರಿಪೇರ್' ವಿಧಾನದಿಂದ ಸ್ವಂತ ಕೋಶವನ್ನು ಒದಗಿಸಬಹುದು. 'ಎನಮ್' ಒಂದೇ ಹೆಸರು ಎರಡು ಸಲ ಬರದಂತೆ ತಡೆಯುವುದು ಹೀಗೆಯೇ.

ಸಹಪಾಠಿಗಳೇ, ಪಟ್ಟಿ ಬರೆಯುವ ಕೆಲಸ ನಾಳೆ ನಮ್ಮಲ್ಲಿ ಕೆಲವರ ಪಾಲಿಗೆ ಬರಬಹುದು. ಆಗ ಅಜ್ಜಿ ಹೇಳುವ ಹೆಸರಿಗೂ ಅದರಲ್ಲಿ ಒಂದು ಸಾಲಿರಲಿ.