ಚಿಮಣಿಗೂ ಒಂದು ಪರ್ಮಿಟ್

ಕಾರ್ಖಾನೆಯೊಂದು ಎಷ್ಟು ಹೊಗೆ ಬಿಡಬಹುದು ಅನ್ನೋದನ್ನ ಯಾರು ನಿರ್ಧರಿಸ್ತಾರೆ? ಕನ್ನಡಿಗರು ಸಾಕಷ್ಟಿರುವ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾವನ್ನೇ ನೋಡೋಣ.

ಇಲ್ಲಿ 1955ರಿಂದಲೂ ಒಂದು ಪ್ರಾದೇಶಿಕ ವಾಯು ಮಂಡಳಿ ಇದೆ. 2021ರಲ್ಲಿ ಅದು ತೈಲ ಸಂಸ್ಕರಣಾಗಾರಗಳ ಕ್ರ್ಯಾಕಿಂಗ್ ಘಟಕಗಳ ನಿಯಮವನ್ನು ಬಿಗಿ ಮಾಡಿತು. ಈ ಘಟಕಗಳಲ್ಲಿ ವೇಗವರ್ಧಕದ ಪುಡಿಗೆ ಅಂಟಿದ ಇಂಗಾಲವನ್ನು ಸುಟ್ಟು ತೆಗೀತಾರೆ. ಆಗ ಸೂಕ್ಷ್ಮ ಕಣಗಳು ಹೊರಬೀಳುತ್ತವೆ. 2.5 ಮೈಕ್ರಾನ್‌ಗಿಂತ ಚಿಕ್ಕ ಕಣಗಳು ಶ್ವಾಸಕೋಶದ ಗಾಳಿಚೀಲಗಳವರೆಗೂ ಇಳಿಯಬಲ್ಲವು. ಎರಡು ಕಂಪನಿಗಳು ಕೋರ್ಟಿಗೆ ಹೋದವು. 2024ರಲ್ಲಿ ರಾಜಿಯಾಯಿತು, ನಿಯಮ ಉಳಿಯಿತು.

ನಿಯಮ ಎಲ್ಲರಿಗೂ ಒಂದೇ. ಅದನ್ನು ಆಯಾ ಕಾರ್ಖಾನೆಗೆ ಕಟ್ಟಿಹಾಕೋದು ಪರ್ಮಿಟ್. ಯಾವ ಚಿಮಣಿ, ಎಷ್ಟು ಮಿತಿ, ಹೇಗೆ ಅಳೀಬೇಕು, ಎಲ್ಲವೂ ಅದರಲ್ಲಿರುತ್ತೆ. ಅಮೆರಿಕದಲ್ಲಿ ದೊಡ್ಡ ಕಾರ್ಖಾನೆಗಳ ‘ಟೈಟಲ್ ಫೈವ್’ ಪರ್ಮಿಟ್ ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುತ್ತೆ. ಕರಡು ಪ್ರಕಟವಾದ ಮೇಲೆ ಅಭಿಪ್ರಾಯ ಹೇಳಲು ಕನಿಷ್ಠ 30 ದಿನ ಸಿಗುತ್ತೆ.

ಆಗ ಮೊದಲು ಕೇಳಬೇಕಾದ್ದು: ಅಳತೆ ಎಷ್ಟು ಸಲ? ವರ್ಷಕ್ಕೊಮ್ಮೆ ಮಾತ್ರ ಅಳೆದರೆ ಉಳಿದ ದಿನಗಳಲ್ಲಿ ಏನಾಯ್ತು ಅಂತ ಗೊತ್ತಾಗಲ್ಲ.

ವೀಸಾದಲ್ಲಿರುವ ನಮ್ಮಲ್ಲಿ ಅನೇಕರಿಗೆ ಇಲ್ಲಿ ಓಟಿಲ್ಲ. ಆದರೆ ಅಭಿಪ್ರಾಯ ಬರೆಯೋಕೆ ಪೌರತ್ವ ಬೇಕಿಲ್ಲ. ಉಸಿರಾಡೋ ಗಾಳಿ ನಮ್ಮದೂ ಹೌದಲ್ವಾ? ಮುಂದಿನ ಕಂತಿನಲ್ಲಿ ಸಿಗೋಣ.